ಒಂದೇ ಲ್ಯಾಪ್‌ಟಾಪ್, ಎರಡು ವೇಗ

"ಈ ಸ್ಕ್ರೋಲ್ ಸ್ಪೀಡ್ ಜಾಸ್ತಿ ಮಾಡಿದ್ದು ನೀವೇನಾ?"

ಮಧ್ಯಾಹ್ನದ ಶಿಫ್ಟ್‌ಗೆ ಬಂದ ಮುರಳಿ ಇನ್ನೂ ಬ್ಯಾಗ್ ಇಳಿಸಿರಲಿಲ್ಲ. ಎದುರಿಗೆ ವೇಣಿ, ಕುರ್ಚಿ ಬಿಡದೆ ಕೂತಿದ್ದಳು.

"ಹೌದು ಮೇಡಂ. ನಿಮ್ಮ ಸ್ಪೀಡಲ್ಲಿ ಪೇಜ್ ಕೆಳಗೆ ಹೋಗೋಷ್ಟರಲ್ಲಿ ನನ್ನ ಶಿಫ್ಟೇ ಮುಗಿಯುತ್ತೆ."

"ನಿಮ್ಮದ್ರಲ್ಲಿ ಬೆರಳಿಟ್ರೆ ಸಾಕು, ಅರ್ಧ ಫೋಟೋ ಹಾರಿಹೋಗುತ್ತೆ ಕಣ್ರೀ."

ಪೀಣ್ಯದ ಆ ಗೇರ್ ಕಾರ್ಖಾನೆಯಲ್ಲಿ ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್, ಒಂದೇ ಬ್ರೌಸರ್. ಬೆಳಿಗ್ಗೆ ವೇಣಿ ಗೇರ್‌ಗಳ ಫೋಟೋಗಳಲ್ಲಿ ಕೂದಲೆಳೆಯಂಥ ಬಿರುಕು ಹುಡುಕಬೇಕು. ಮಧ್ಯಾಹ್ನದಿಂದ ಮುರಳಿ, ಲಾರಿಗೆ ಹೋದ ಮಾಲನ್ನು ಉದ್ದನೆಯ ಪುಟದಲ್ಲಿ ತಾಳೆ ನೋಡಬೇಕು. ಅವಳು ಬ್ರೌಸರ್‌ನ ಸ್ಕ್ರೋಲ್ ವೇಗ ಇಳಿಸುವಳು, ಅವನು ಏರಿಸುವನು. ಶಿಫ್ಟ್ ಬದಲಾಗುವಾಗ ದಿನವೂ ಜಗಳ.

ಗಂಡ ತೀರಿಕೊಂಡ ಮೇಲೂ ವೇಣಿ ಅತ್ತೆಯ ಜೊತೆಗೇ ಇದ್ದಳು. ಎಲ್ಲರೂ ಅವಳೊಡನೆ ಮೆಲ್ಲಗೆ ಮಾತಾಡುತ್ತಿದ್ದರು. ಜಗಳವಾಡಿದವನು ಇವನೊಬ್ಬನೇ. ಅದು ಹಿತವಾಗಿತ್ತು...

ಒಂದು ಬೆಳಿಗ್ಗೆ ವೇಗ ಅವಳಿಗೆ ಬೇಕಾದಷ್ಟೇ ಇತ್ತು. ಮರುದಿನವೂ. ವಾರವಿಡೀ.

'ಇವನಿಗೂ ಯಾರೋ ಹೇಳಿದ್ದಾರೆ. ಇವನದೂ ಕನಿಕರವೇ.'

ಅಂದಿನಿಂದ ಅವನು ಬಂದರೆ ಮುಖ ಎತ್ತದೆ ಎದ್ದುಹೋಗುತ್ತಿದ್ದಳು.

ಶುಕ್ರವಾರ ಸೂಪರ್‌ವೈಸರ್ ನಂಜಪ್ಪ ಹೇಳಿದರು: "ಮುರಳಿ ಕೆಲಸ ದಿನಾ ಬಾಕಿ ಉಳೀತಿದೆಯಮ್ಮ. ಸೋಮವಾರದಿಂದ ಮಾದನಾಯಕನಹಳ್ಳಿ ಗೋಡೌನ್‌ಗೆ ಹಾಕ್ತೀನಿ."

ವೇಣಿಗೆ ಅರ್ಥವಾಯಿತು. ಅವನು ವೇಗ ಏರಿಸುತ್ತಲೇ ಇರಲಿಲ್ಲ.

ಆ ಮಧ್ಯಾಹ್ನ ಅವಳು ಏಳಲಿಲ್ಲ.

"ನನ್ನ ಮೇಲೆ ಕನಿಕರನಾ?"

"ಏನು?"

"ನನ್ನ ಗಂಡನ ವಿಷಯ ಗೊತ್ತಾಗಿ ತಾನೇ ಸ್ಪೀಡ್ ಮುಟ್ಟೋದು ಬಿಟ್ರಿ?"

"ಅದು ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಜಗಳ ಆಡಿದ್ದು."

"ಮತ್ತೆ?"

"ಏರಿಸಿದ್ದು ಇಳಿಸೋಕೆ ನನಗೆ ನೆನಪೇ ಇರಲ್ಲ. ಹಾಗೇ ಒಂದ್ಸಲ ಬಿರುಕು ತಪ್ಪಿ ನೀವು ಬೈಸ್ಕೊಂಡ್ರಿ. ಮತ್ತೆ ಹಾಗಾಗೋದು ಬೇಡ ಅನ್ನಿಸ್ತು..." ಅವನು ತಲೆ ತಗ್ಗಿಸಿದ. "ನೀವಂದ್ರೆ ಇಷ್ಟ. ಅಷ್ಟೇ."

ವೇಣಿ ಪರದೆಯನ್ನು ಅವನತ್ತ ತಿರುಗಿಸಿದಳು. ಬ್ರೌಸರ್‌ನಲ್ಲಿ ಈಗ ಎರಡು ಪ್ರೊಫೈಲ್ ಇದ್ದವು. ಒಂದರಲ್ಲಿ ಅವಳ ಹೆಸರು, ಇನ್ನೊಂದರಲ್ಲಿ ಅವನದು. ಎರಡಕ್ಕೂ ಬೇರೆ ಬೇರೆ ವೇಗ.

"ನಿಮ್ಮದು ನಿಮಗೆ, ನನ್ನದು ನನಗೆ. ನನಗೋಸ್ಕರ ಯಾರೂ ಈ ಜಾಗ ಬಿಟ್ಟು ಹೋಗಬೇಕಾಗಿಲ್ಲ. ಸೋಮವಾರ ಇಲ್ಲಿಗೇ ಬನ್ನಿ, ನಂಜಪ್ಪನವ್ರು ಒಪ್ಪಿದಾರೆ."

ಮುರಳಿಯ ಮುಖ ಸಣ್ಣದಾಯಿತು. "ಅಂದ್ರೆ... ನಿಮಗೆ ಇಷ್ಟ ಇಲ್ಲ ಅಂತನಾ?"

"ಭಾನುವಾರ ಮನೆಗೆ ಬನ್ನಿ. ಅತ್ತೆಗೆ ನಾನೇ ಹೇಳಿರ್ತೀನಿ."

"ಏನಂತ?"

ಅವಳು ಬ್ಯಾಗ್ ಹೆಗಲಿಗೇರಿಸಿದಳು.

"ಮುರಳಿ ಅಂತ ಒಬ್ರಿದಾರೆ, ನನಗೆ ಬೇಕು ಅಂತ."