ಪಿಸಿರು ಯಾವುದು, ಹೊಲಿಗೆ ಯಾವುದು

“ಅಯ್ಯೋ ಅಜ್ಜಿ, ಅದು ಪಿಸಿರಲ್ಲ! ಹೊಲಿಗೆ!”

ಧರಣಿ ಕೂಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಬೆರಳುದ್ದದ ಕತ್ತರಿ ನೀಲಿ ಟೀ ಶರ್ಟಿನ ಕೊರಳ ಹೊಲಿಗೆಯನ್ನೇ ತುಂಡರಿಸಿತ್ತು. ಅಜ್ಜಿ ಜಾನಕಿಯಮ್ಮ ಮಾತ್ರ ಏನೂ ಆಗದವರಂತೆ ಎಳೆಯನ್ನು ಉಫ್ ಎಂದು ಊದಿ ಮುಂದಿನ ಶರ್ಟಿಗೆ ಕೈಹಾಕಿದರು.

ತಮಿಳುನಾಡಿನ ಅವಿನಾಶಿ ಊರಿನ ಆ ಬೀದಿಯಲ್ಲಿ ಪಿಸಿರು ಗೊತ್ತಿಲ್ಲದ ಮಕ್ಕಳೇ ಇಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿದ ಬಟ್ಟೆಯ ಅಂಚಿಗೆ ಬೆಕ್ಕಿನ ಮೀಸೆಯ ಹಾಗೆ ನೂಲು ಉಳಿದಿರುತ್ತದಲ್ಲ, ಅದೇ ಪಿಸಿರು. ಅದನ್ನು ಕತ್ತರಿಸಿ ಬಟ್ಟೆಯನ್ನು ಚೊಕ್ಕ ಮಾಡುವುದರಲ್ಲಿ ಅಜ್ಜಿಯದು ಎತ್ತಿದ ಕೈ. ಆದರೆ ಈಚೆಗೆ ಅಜ್ಜಿಗೆ ಮರೆವು ಬಂದಿತ್ತು. ಊಟ ಮಾಡಿದ್ದು ಮರೆಯುತ್ತಿತ್ತು, ಕೆಲವು ದಿನ ಧರಣಿಯ ಹೆಸರೂ ಮರೆಯುತ್ತಿತ್ತು.

ಅಮ್ಮ ಶಿವಗಾಮಿ ಒಳಗಿಂದ ಬಂದು ಶರ್ಟು ನೋಡಿದಳು. “ಮತ್ತೆ ಡ್ಯಾಮೇಜಾ? ಕಂಪನಿಯಿಂದ ಬಂಡಲ್ ತರೋ ಸೆಲ್ವಕುಮಾರ್ ಅಣ್ಣ ಹೋದ ವಾರವೇ ಮೊಗ ಸಿಂಡರಿಸಿದ್ರು. ಇನ್ನೊಂದು ಪೀಸ್ ಹಿಂಗಾದ್ರೆ ಕತ್ತರಿ ಎತ್ತಿಡ್ತೀನಿ ಅತ್ತೆ. ಆಮೇಲೆ ನೀವು ಸುಮ್ನೆ ಕೂತಿರಿ.”

ಹಿಂದೊಮ್ಮೆ ಕತ್ತರಿ ಎತ್ತಿಟ್ಟಾಗ ಅಜ್ಜಿ ಮೂಲೆಯಲ್ಲಿ ಕೂತು, ಬರಿಗೈಯಲ್ಲಿ ಗಾಳಿಯನ್ನೇ ಕತ್ತರಿಸುತ್ತಿದ್ದರು. ಊಟಕ್ಕೂ ಏಳಲಿಲ್ಲ. ಅದನ್ನು ಇನ್ನೊಮ್ಮೆ ನೋಡಲು ಧರಣಿಯಿಂದ ಆಗದು.

ಕೊಯಮತ್ತೂರಿನ ಡಾಕ್ಟರ್ ದಿವಾಕರ್ ಹೇಳಿದ್ದು ಅವಳಿಗೆ ನೆನಪಿತ್ತು. ಅವರು ತಮಿಳಿನಲ್ಲಿ ಕೇಳಿದರೆ ಅಜ್ಜಿ ಮನೆಮಾತಾದ ಕನ್ನಡದಲ್ಲೇ ಉತ್ತರಿಸುತ್ತಿದ್ದರು. ನಡುವೆ ನಿಂತು ಅತ್ತಿಂದಿತ್ತ ಮಾತು ದಾಟಿಸಿದವಳು ಧರಣಿ. ಕೊನೆಗೆ ಡಾಕ್ಟರು ಅವಳನ್ನೇ ಹತ್ತಿರ ಕರೆದಿದ್ದರು.

“ಪಾಪು, ತಲೆಯೊಳಗೆ ಪುಟ್ಟ ಪುಟ್ಟ ಕಾವಲು ಜೀವಕೋಶಗಳಿವೆ. ಕಸ ಗುಡಿಸೋದೂ ಅವುಗಳ ಕೆಲಸವೇ. ಅಜ್ಜಿಯ ಮಿದುಳಲ್ಲಿ ಕಸ ಜಾಸ್ತಿಯಾಗಿದೆ. ಗುಡಿಸಿ ಗುಡಿಸಿ ಅವು ದಿಕ್ಕು ತಪ್ಪಿವೆ. ನೆನಪುಗಳನ್ನು ಜೋಡಿಸೋ ಒಳ್ಳೇ ಕೊಂಡಿಗಳನ್ನೂ ಕಸ ಅಂತ ತೆಗೆದುಹಾಕ್ತಿವೆ. ಇದೊಂದೇ ಕಾರಣ ಅಲ್ಲ, ಇದೂ ಒಂದು.”

“ಅವಕ್ಕೆ ಯಾರೂ ಬೈಯಲ್ವಾ ಡಾಕ್ಟರ್?”

“ಬೈದ್ರೆ ಕೇಳೋ ಹಾಗಿದ್ರೆ ನಾನೇ ಬೈತಿದ್ದೆ. ಅವನ್ನು ದಾರಿಗೆ ತರೋ ಮದ್ದನ್ನ ಇನ್ನೂ ಹುಡುಕ್ತಾ ಇದ್ದಾರೆ.”

ಅಂದಿನಿಂದ ಧರಣಿಗೆ ಆ ಕಾವಲುಗಾರರ ಮೇಲೆ ಕೆಂಡದಂಥ ಕೋಪ. ಕೈಗೆ ಸಿಕ್ಕಿದ್ದರೆ ಒಂದೊಂದಕ್ಕೂ ನಾಲ್ಕು ಬಿಡುತ್ತಿದ್ದಳೋ ಏನೋ!

ಅಮ್ಮ ಒಳಗೆ ಹೋದಳು. ಶನಿವಾರದ ಮಧ್ಯಾಹ್ನ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಧೂಳು ಮೆಲ್ಲಗೆ ತೇಲುತ್ತಿತ್ತು. ದೂರದಲ್ಲೆಲ್ಲೋ ಪವರ್‌ಲೂಮ್ ಟಕಟಕ ಅನ್ನುತ್ತಿತ್ತು. ಧರಣಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಅರೆಮುಚ್ಚಿದಳು.

ಮುಚ್ಚಿದ್ದೇ ತಡ, ಅವಳು ಅಜ್ಜಿಯ ತಲೆಯೊಳಗಿದ್ದಳು! ಗೋಡೆಯೇ ಕಾಣದಷ್ಟು ದೊಡ್ಡ ಹಾಲ್. ಎಲ್ಲೆಲ್ಲೂ ಬಣ್ಣದ ಎಳೆಗಳು. ಒಂದೊಂದು ಎಳೆಯ ತುದಿಗೂ ಒಂದೊಂದು ದೀಪ. ಒಂದರಲ್ಲಿ ಕೆರೆ, ಒಂದರಲ್ಲಿ ತಾತನ ಸೈಕಲ್, ಇನ್ನೊಂದರಲ್ಲಿ ತೊಟ್ಟಿಲಲ್ಲಿ ಮಲಗಿದ ಧರಣಿ. ಎಳೆಗಳ ನಡುವೆ ಬೂದುಬಣ್ಣದ ಪುಟಾಣಿಗಳು ಕತ್ತರಿ ಹಿಡಿದು ಸದ್ದಿಲ್ಲದೆ ಓಡಾಡುತ್ತಿದ್ದವು. ಕುಚ್. ಕೆರೆಯ ದೀಪ ಆರಿತು. “ನಿಲ್ಲಿ! ಅದು ಪಿಸಿರಲ್ಲ!” ಎಂದು ಧರಣಿ ಕೂಗಿದಳು. ಯಾವುದೂ ತಲೆ ಎತ್ತಲಿಲ್ಲ.

ಅವಳು ತಟ್ಟನೆ ಎದ್ದು ಕೂತಳು. ತಲೆಯೊಳಗೆ ಹೋಗಲು ಆಗದಿದ್ದರೂ ಇಲ್ಲಿ ಅಜ್ಜಿಯ ಪಕ್ಕ ಕೂರಬಹುದಲ್ಲ!

“ಅಜ್ಜಿ, ನಾ ಪಿಸಿರು ಹುಡುಕಿ ಹಿಡೀತೀನಿ. ನೀ ಅದನ್ನ ಮಾತ್ರ ಕಟ್ ಮಾಡು.”

“ಸರಿ ಕಣ್ಣು,” ಎಂದರು ಅಜ್ಜಿ ಮುದ್ದಿನಿಂದ.

ಧರಣಿ ಎಳೆ ಹಿಡಿದಳು, ಅಜ್ಜಿ ಕತ್ತರಿಸಿದರು. ಒಂದು ಹೊಲಿಗೆಯೂ ಕೆಡಲಿಲ್ಲ. ಶರ್ಟುಗಳ ಗುಡ್ಡೆ ಕರಗುತ್ತ ಬಂತು. ಅಜ್ಜಿಯ ಬೆರಳು ಸೋತಾಗ ಧರಣಿಯೇ ಕತ್ತರಿ ತೆಗೆದುಕೊಂಡಳು. ಸೆಲ್ವಕುಮಾರ್ ಅಣ್ಣ ಬರುವ ಹೊತ್ತಾಗಿತ್ತು. ಬಿಸಿಲು, ಧೂಳು, ತೂಕಡಿಕೆ. ಕೈ ತನ್ನ ಪಾಡಿಗೆ ಓಡುತ್ತಿತ್ತು.

ಕುಚ್.

ಬಿಳಿ ಶರ್ಟಿನ ಭುಜ ಬಾಯಿ ಬಿಟ್ಟಿತು.

ಅಷ್ಟರಲ್ಲಿ ಗುಡ್ಡೆ ಎತ್ತಲು ಅಮ್ಮ ಬಂದಳು. ಬಿಳಿ ಶರ್ಟೇ ಮೊದಲು ಕೈಗೆ ಬರಬೇಕೆ! “ಅತ್ತೇ! ಈಗ ತಾನೇ ಹೇಳಿದ್ನಲ್ಲ!”

ಅಜ್ಜಿ ಶರ್ಟನ್ನು ನೋಡಿದರು. ತಮ್ಮ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡರು. “ನಾನೇ ಇರ್ಬೇಕು ಶಿವಗಾಮಿ,” ಎಂದರು ಸಣ್ಣ ದನಿಯಲ್ಲಿ. “ನೆನಪಿಲ್ಲ.”

ಅಮ್ಮ ನೆಲದ ಮೇಲಿನ ಕತ್ತರಿ ಎತ್ತಿಕೊಂಡಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿಗೂ ಗೊತ್ತಾಗುವುದಿಲ್ಲ. ಅದನ್ನು ನೆನೆದೇ ಧರಣಿಗೆ ಅಳು ಬಂತು.

“ಅಮ್ಮಾ, ಅಜ್ಜಿ ಅಲ್ಲ. ನಾನು.”

“ನೀನಾ? ಕಣ್ಣು ಎಲ್ಲಿಟ್ಟಿದ್ದೆ?”

“ಗೊತ್ತಿಲ್ಲಮ್ಮಾ. ಕೈ ಓಡ್ತಾ ಇತ್ತು. ಪಿಸಿರು ಅನ್ಕೊಂಡೇ ಕಟ್ ಮಾಡ್ದೆ.”

ಹೇಳಿದ ಮೇಲೆ ಅವಳಿಗೆ ಆ ಬೂದುಬಣ್ಣದ ಪುಟಾಣಿಗಳು ಕಣ್ಣಮುಂದೆ ಬಂದವು. ಅವೂ ಹೀಗೆಯೇ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದವಲ್ಲ. ಎಷ್ಟು ಹುಡುಕಿದರೂ ಅವುಗಳ ಮೇಲಿನ ಕೋಪ ಸಿಗಲಿಲ್ಲ.

ಅಮ್ಮ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಧರಣಿಯ ಭುಜ ಬಳಸಿ ತಮ್ಮ ಕಡೆಗೆ ಎಳೆದುಕೊಂಡರು.

“ಬೈಬೇಡ ಶಿವಗಾಮಿ. ಯಾರ ಮನೆ ಕೂಸೋ, ಪಾಪ. ಈಗ ತಾನೇ ಕಲೀತಾ ಇದೆ.”

ಅಮ್ಮ ಕಣ್ಣೊರೆಸಿಕೊಂಡು, ಕತ್ತರಿಯನ್ನು ಅಜ್ಜಿಯ ಅಂಗೈಯಲ್ಲಿಟ್ಟು ಒಳಗೆ ಹೋದಳು.

‘ಅಜ್ಜಿ, ನಾನು ಧರಣಿ, ನಿಮ್ಮನೆ ಕೂಸೇ’ ಎಂಬ ಮಾತು ಧರಣಿಯ ನಾಲಿಗೆಯ ತುದಿಗೆ ಬಂತು. ಆದರೆ ಭುಜದ ಮೇಲಿನ ಕೈ ಬೆಚ್ಚಗಿತ್ತು, ಬಿಗಿಯಾಗಿತ್ತು. ಯಾರೆಂದೇ ತಿಳಿಯದ ಮಗುವಿಗಾಗಿ ಅಜ್ಜಿ ಅಮ್ಮನ ಎದುರು ನಿಂತಿದ್ದರು.

“ಎಲ್ಲಿ ಕಣ್ಣು, ಹಿಡಿ,” ಎಂದರು ಅಜ್ಜಿ.

ಧರಣಿ ಇನ್ನಷ್ಟು ಒತ್ತಿ ಕೂತಳು. ಒಂದು ಎಳೆ ಹುಡುಕಿ, ಅದು ಪಿಸಿರೇ ಎಂದು ಉಗುರಿನಿಂದ ಸವರಿ ನೋಡಿ, ಅಜ್ಜಿಯ ಕತ್ತರಿಗೆ ಹಿಡಿದಳು.