ಆರ್ಲೀನಳ ಏಪ್ರನ್

ಬಸುರಿಯಾದಾಗ, ವಿಕಿರಣ ತಡೆಯುವ ನನ್ನ ಸೀಸದ ಏಪ್ರನ್ ಬಿಗಿಯಾಯಿತು. ಅದಿಲ್ಲದೆ ಎಕ್ಸ್‌ರೇ ಕೋಣೆಯಲ್ಲಿ ನಿಲ್ಲುವಂತಿಲ್ಲ; ತೀರಿಕೊಂಡ ಸಹೋದ್ಯೋಗಿ ಆರ್ಲೀನಳ ದೊಡ್ಡ ಏಪ್ರನ್ ತೊಟ್ಟೆ. ನಮ್ಮೂರು ಡುಲೂತ್‌ನ ಹಿಮ ಬೀಳುವ ಜನವರಿಯಲ್ಲೂ, ಗೋಡೆಯಿಂದ ತೆಗೆಯುವಾಗಲೇ ಅದು ಬೆಚ್ಚಗಿರುತ್ತಿತ್ತು.

ವಿಕಿರಣ ಅಳೆಯಲು ನನಗೆ ಎರಡು ಬ್ಯಾಡ್ಜ್: ಒಂದು ಏಪ್ರನ್ನಿನ ಹೊರಗೆ ಕೊರಳ ಬಳಿ, ಇನ್ನೊಂದು ಮಗುವಿಗಾಗಿ ಒಳಗೆ, ಹೊಟ್ಟೆಯ ಮೇಲೆ. ತಿಂಗಳ ವರದಿ ನೋಡಿ ಮೇಲ್ವಿಚಾರಕ ವೆಂಡೆಲ್ ನಕ್ಕ.

"ಏನ್ ತಾಯಿ, ಅದಲು ಬದಲು ಸಿಕ್ಕಿಸ್ಕೊಂಡ್ಯಾ? ಹೊರಗಿಂದು ಸೊನ್ನೆ, ಒಳಗಿಂದು ಜಾಸ್ತಿ!"

"ದಿನಾ ನಿನ್ನ ಮುಂದೇನೇ ಸಿಕ್ಕಿಸ್ಕೊಂಡಿದ್ದೀನಲ್ಲಪ್ಪಾ."

ಅವನ ನಗು ನಿಂತಿತು. ಆ ಏಪ್ರನ್ನಿನದೇ ಎಕ್ಸ್‌ರೇ ತೆಗೆದೆವು. ಎಲ್ಲೂ ಬಿರುಕಿರಲಿಲ್ಲ. ಮತ್ತೆ ನಾನದನ್ನು ಮುಟ್ಟಲಿಲ್ಲ.

ಈಗ ಮಗಳಿಗೆ ಮೂರು ತಿಂಗಳು. ಅವಳ ಮೈ ಸದಾ ಸುಡುತ್ತದೆ. ವೈದ್ಯರಿಗೆ ಕಾರಣ ತಿಳಿದಿಲ್ಲ. ಅವಳು ಹುಟ್ಟಿದ ಬೆಳಿಗ್ಗೆಯಿಂದ ಆ ಏಪ್ರನ್ ತಣ್ಣಗಿದೆ ಎಂದು ವೆಂಡೆಲ್ ಹೇಳುತ್ತಾನೆ.