ಕೊನೆಯ ಹಾಡಿನ ಎರಡನೇ ದನಿ

ಮೈಕು ಆನ್ ಆಗಿದೆ ಎಂಬುದನ್ನು ಡಾಯ್ಲ್ ಮರೆತಿದ್ದ. ಹೊಸಬರಿಂದ ಈ ತಪ್ಪು ಆಗುವುದಿಲ್ಲ, ಅವರು ಮೈಕು ಕಂಡರೆ ಹೆದರಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಹದಿನೈದು ವರ್ಷ ಅದರ ಮುಂದೆ ಹಾಡಿದವರೇ ಹೀಗೆ ಸಿಕ್ಕಿಬೀಳುವುದು. ಸ್ಟುಡಿಯೋದ ಗಾಜಿನ ಆಚೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪಿಟೀಲಿನ ತಂತಿ ಬಿಗಿಯುತ್ತಿದ್ದ ಜೊತೆಗಾಯಕಿ ವರ್ನಾಳಿಗೆ ಅವನ ಒಡಕು ದನಿ ಸ್ಪಷ್ಟವಾಗಿ ಕೇಳಿಸಿತು.

"ಸೋಮವಾರ ನಾನು ಆಸ್ಪತ್ರೆಗೆ ಹೋಗಲ್ಲ ಹಾರ್ಲನ್. ವರ್ನಾಗೆ ಮಾತ್ರ ಹೇಳ್ಬೇಡ."

"ಹೋಗ್ದಿದ್ರೆ ಸಾಯ್ತೀಯ ಕಣೋ," ಎಂದ ಸ್ಟೀಲ್ ಗಿಟಾರ್ ನುಡಿಸುವ ಮುದುಕ ಹಾರ್ಲನ್.

"ಹೋದ್ರೂ ಅರ್ಧ ಸತ್ತಂಗೇ. ಧ್ವನಿಪೆಟ್ಟಿಗೇನೇ ತೆಗೆದುಹಾಕ್ತಾರೆ. ದನಿ ಇಲ್ದೆ ನಾನ್ಯಾರು ಹೇಳು? ಆಲ್ಬಮ್ ಹೊರಗೆ ಬರ್ಲಿ. ಒಂದು ಸುತ್ತು ಊರೂರಲ್ಲಿ ಹಾಡ್ಬಿಡ್ತೀನಿ. ಆಮೇಲೆ ಏನು ಬೇಕಾದ್ರೂ ಆಗ್ಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದಕ್ಷಿಣ ಇಲಿನಾಯ್‌ನ ಅವರ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಏಳು ವರ್ಷವಾಗಿತ್ತು. ಅಪ್ಪಂದಿರು ಗಣಿಗೆ ಒಯ್ಯುತ್ತಿದ್ದ ಊಟದ ಡಬ್ಬಿಯ ಹೆಸರನ್ನೇ ಇವರು ಬ್ಯಾಂಡಿಗೆ ಇಟ್ಟುಕೊಂಡಿದ್ದರು: 'ಡಿನ್ನರ್ ಬಕೆಟ್'. ಇವರ ಹಾಡು ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನವರಿಗೆ ಬರೀ ಗಲಾಟೆ, ರಾಕ್ ಹುಡುಗರಿಗೆ ಬರೀ ಗೋಳು. ಅಂತೂ ಇಂತೂ ಮೊದಲ ಆಲ್ಬಮ್‌ಗೆ ಕಾಲ ಕೂಡಿಬಂದಾಗ ಡಾಯ್ಲ್‌ನ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿಗೆ ಮೊದಲೇ ಮುಗಿಸೋಣವೆಂದು ಹಳೆಯ ಮೇವಿನಂಗಡಿಯಲ್ಲಿದ್ದ ಈ ಸ್ಟುಡಿಯೋಕ್ಕೆ ಬಂದಿದ್ದರು. ಹನ್ನೊಂದು ಹಾಡು ಮುಗಿದಿದ್ದವು. ಇನ್ನು ಒಂದೇ ಬಾಕಿ.

ವರ್ನಾ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಏನು ದೊರೆ, ಸಾಯೋಕೆ ದಿನ ಗೊತ್ತು ಮಾಡ್ಕೊಂಡ್ಯಾ? ನಂಗೂ ಹೇಳಿದ್ರೆ ಕಪ್ಪು ಬಟ್ಟೆ ಇಸ್ತ್ರಿ ಮಾಡಿಸಿ ಇಟ್ಕೊಳ್ತಿದ್ದೆ."

ಡಾಯ್ಲ್ ಮೈಕಿನ ಕಡೆ ನೋಡಿದ, ಆಮೇಲೆ ಅವಳ ಕೈಯಲ್ಲಿದ್ದ ಹೆಡ್‌ಫೋನ್ ಕಡೆ. "ಥತ್," ಎಂದ. ಕಾಫಿ ತರುತ್ತೇನೆಂದು ಹೇಳಿ ಹಾರ್ಲನ್ ಮೆಲ್ಲಗೆ ಜಾರಿಕೊಂಡ.

"ನೀನು ಬರ್ತೀನಿ ಅನ್ನೋವರೆಗೂ ನಾನು ಕೊನೇ ಹಾಡು ಹಾಡಲ್ಲ," ಎಂದಳು ವರ್ನಾ.

"ಎರಡನೇ ದನಿ ಇಲ್ದೆ ಆ ಹಾಡು ನಿಲ್ಲಲ್ಲ ಅಂತ ಗೊತ್ತು ತಾನೇ ನಿಂಗೆ?"

"ಗೊತ್ತಿದ್ದೇ ಹೇಳ್ತಿರೋದು."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಕಣ್ಣು ಎತ್ತಲಿಲ್ಲ. "ಈ ದನಿಗೋಸ್ಕರ ಅಲ್ವಾ ನೀನು ನನ್ನ ಪಕ್ಕ ಬಂದು ನಿಂತಿದ್ದು? ಅದೂ ಹೋದ್ಮೇಲೆ ನನ್ನ ಕಟ್ಕೊಂಡು ಏನು ಮಾಡ್ತೀಯ?"

ವರ್ನಾಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಆರು ವರ್ಷ ಈ ಮನುಷ್ಯ ಎಂಥ ಭ್ರಮೆಯಲ್ಲಿದ್ದ!

ಒಂದೇ ಮೈಕಿಗೆ ಇಬ್ಬರು ಹಾಡುವಾಗ ಎರಡನೆಯವರು ಕಿವಿ ನಂಬಿಕೊಂಡು ಹಾಡಿದರೆ ಕೆಟ್ಟರು. ಕೇಳಿ ಹಾಡುವಷ್ಟರಲ್ಲಿ ಮಾತು ಹಿಂದೆ ಬಿದ್ದಿರುತ್ತದೆ. ಮೊದಲನೆಯವರ ತುಟಿ ನೋಡುತ್ತಲೇ, ಮಾತು ಹೊರಡುವ ಮುಂಚೆ ಅದನ್ನು ಹಿಡಿಯಬೇಕು.

"ಅಯ್ಯೋ ಪೆದ್ದ, ನಿನ್ನ ದನಿ ಯಾವಾಗ ಕೇಳಿದ್ದೀನೋ ನಾನು?" ಎಂದಳು. "ಆರು ವರ್ಷದಿಂದ ನಿನ್ನ ಬಾಯಿ ನೋಡ್ಕೊಂಡು ನಿಂತಿದ್ದೀನಿ. 'ಮ' ಅನ್ನೋ ಮುಂಚೆ ನಿನ್ನ ಎಡಗಡೆ ತುಟಿ ನಡುಗುತ್ತೆ. ಸುಳ್ಳು ಹೇಳೋ ಮುಂಚೆ ಕೆಳಗಿನ ತುಟಿ ಕಚ್ಕೊಳ್ತೀಯ. ಊರಿಗೆ ನಿನ್ನ ದನಿ ಕೇಳ್ದಿದ್ರೆ ಊರು ಹಾಳಾಗಿ ಹೋಗ್ಲಿ, ನಂಗೆ ಕೇಳುತ್ತೆ. ಹಾಡೋನು ಬೇಡ ಡಾಯ್ಲ್. ನೀನು ಬೇಕು ನಂಗೆ."

ಅವನು ತಲೆ ಎತ್ತಿದ. ಕೆನ್ನೆ ಒದ್ದೆಯಾಗಿತ್ತು. "ತೆಗೆಸಿದ್ರೂ ಉಳೀತೀನಿ ಅಂತ ಖಾತ್ರಿ ಇಲ್ಲ. ಡಾಕ್ಟರೇ ಹೇಳಿದ್ದಾರೆ."

"ಖಾತ್ರಿ ಕೊಡು ಅಂತ ಕೇಳಿದ್ನಾ? ಬಾ ಅಂದೆ, ಅಷ್ಟೇ."

ಡಾಯ್ಲ್ ಕೆನ್ನೆ ಒರೆಸಿಕೊಂಡ. ಆಮೇಲೆ ದನಿ ಬಿಡದೆ ಬರೀ ತುಟಿ ಆಡಿಸಿದ. "ಏನಂದೆ ಹೇಳು ನೋಡೋಣ," ಎಂದು ಕೇಳಿದ.

"'ಹಠಮಾರಿ' ಅಂದೆ ನೀನು," ಎಂದಳು ವರ್ನಾ.

"ಸರಿ," ಎಂದ ಅವನು. ಮತ್ತೆ ತುಟಿ ಆಡಿಸಿದ. ಈ ಸಲ ವರ್ನಾಳ ಮುಖ ಕಿವಿಯವರೆಗೂ ಕೆಂಪಾಯಿತು. ಅದೇನೆಂದು ಹಾರ್ಲನ್ ಕಾಫಿ ಹಿಡಿದುಕೊಂಡು ಎಷ್ಟು ಕೇಳಿದರೂ ಅವಳು ಹೇಳಲಿಲ್ಲ.

ಎರಡು ಟೇಕ್ ಕೆಮ್ಮಿಗೆ ಬಲಿಯಾದವು. ಎರಡನೆಯದರ ಕೊನೆಗೆ ಕರವಸ್ತ್ರದಲ್ಲಿ ರಕ್ತ ಕಾಣಿಸಿತು, ಅವನು ಅದನ್ನು ಮಡಿಚಿ ಜೇಬಿಗಿಟ್ಟ. ಮೂರನೆಯದರಲ್ಲಿ ಅವನು ಹಾಡಿದ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಉಸಿರು ಮುಗಿದು, ಅವನ ತುಟಿ ಆಡುತ್ತಿತ್ತೇ ಹೊರತು ದನಿ ಇರಲಿಲ್ಲ. ವರ್ನಾ ಆ ತುಟಿ ನೋಡಿಕೊಂಡೇ ಒಬ್ಬಳೇ ಸಾಲು ಮುಗಿಸಿದಳು. ಇನ್ನೊಂದು ಸಲ ಹಾಡೋಣ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಆಲ್ಬಮ್ಮಿನಲ್ಲಿ ಅದು ಹಾಗೆಯೇ ಉಳಿಯಿತು.

ಸೋಮವಾರ ಬೆಳಿಗ್ಗೆ ನದಿ ದಾಟಿ ಸೇಂಟ್ ಲೂಯಿಸ್‌ನ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಡಾಯ್ಲ್ ಮಾತಾಡಲಿಲ್ಲ. ಇದ್ದಷ್ಟು ದನಿಯನ್ನು ಯಾತಕ್ಕೋ ಉಳಿಸಿಕೊಂಡಿದ್ದ. ಕೌಂಟರಿನಲ್ಲಿದ್ದ ನರ್ಸು ಅವನ ಹೆಸರು, ವಯಸ್ಸು ಬರೆದುಕೊಂಡು ವರ್ನಾಳ ಕಡೆ ಪೆನ್ನು ತೋರಿಸಿದಳು.

"ಇವರು ನಿಮಗೇನಾಗ್ಬೇಕು?"

ಬ್ಯಾಂಡಿನವಳು ಎನ್ನಲು ವರ್ನಾ ಬಾಯಿ ತೆರೆದಳು. ಡಾಯ್ಲ್ ಅವಳ ಮೊಣಕೈ ಹಿಡಿದ.

"ಹೆಂಡ್ತಿ ಆಗ್ಬೇಕು."

"ಅಂದ್ರೆ, ಮದುವೆ ಆಗಿದೆಯಾ?"

"ಇನ್ನೂ ಇಲ್ಲ. ಆಗ್ಬೇಕು," ಎಂದ ಡಾಯ್ಲ್. ಹೇಗೋ ದನಿ ತಂದುಕೊಂಡು ಹೇಳಿದ, "ನಾನು ವಾಪಸ್ ಬಂದ್ರೆ."

ಅವನ ಸ್ವಂತ ದನಿಯಲ್ಲಿ ಬಂದ ಕೊನೆಯ ಮಾತು ಅದು. ನರ್ಸು ಏನು ಬರೆಯುವುದೆಂದು ತಿಳಿಯದೆ ಪೆನ್ನು ಎತ್ತಿ ಹಿಡಿದಿದ್ದಳು.

"ಬಂದ್ರೆ ಅನ್ನೋದನ್ನ ಬರೀಬೇಡಿ," ಎಂದಳು ವರ್ನಾ. "ಹೆಂಡ್ತಿ ಆಗ್ಬೇಕು ಅಂತ ಬರ್ಕೊಳ್ಳಿ. ಅಷ್ಟು ಸಾಕು."